200 ಎಂಬಿಪಿಎಸ್ ಲೈನ್ ಇದ್ದರೂ ಆಟ ಯಾಕೆ ತಡವರಿಸುತ್ತದೆ?

ಪ್ರಶ್ನೆ: ನನ್ನ ಬಳಿ ಪಿಎಸ್5 ಇದೆ. ಮನೆಯ ಲೈನ್ 200 ಎಂಬಿಪಿಎಸ್, ಅಪ್‌ಲೋಡ್ 20. ರೂಟರ್ ಹಾಲ್‌ನಲ್ಲಿದೆ, ನಾನು ಆಡುವುದು ಎರಡು ಗೋಡೆ ಆಚೆಯ ರೂಮಿನಲ್ಲಿ, ವೈಫೈಯಲ್ಲಿ. ಬೆಳಿಗ್ಗೆ ಆಟ ಚೆನ್ನಾಗಿರುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಲ್ಯಾಗ್ ಶುರುವಾಗುತ್ತದೆ. ಕೆಲವು ಗೆಳೆಯರ ಪಾರ್ಟಿಗೆ, ಅಂದರೆ ಆಡುತ್ತಾ ಮಾತಾಡುವ ಗುಂಪಿಗೆ, ಸೇರಲು ಆಗುವುದೇ ಇಲ್ಲ, ಸೇರಿದರೂ ಒಬ್ಬಿಬ್ಬರ ಮಾತು ಕೇಳಿಸುವುದಿಲ್ಲ. ನ್ಯಾಟ್ ಟೈಪ್ 3 ಅಂತ ತೋರಿಸುತ್ತದೆ. ಹೊಸ ಗೇಮಿಂಗ್ ರೂಟರ್ ತಂದು ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್‌ಗೆ ಜೋಡಿಸಿದೆ. ಏನೂ ಬದಲಾಗಲಿಲ್ಲ. ಪ್ಲಾನನ್ನು 500ಕ್ಕೆ ಏರಿಸಲಾ?

ಉತ್ತರ: ಏರಿಸಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡಕ್ಕೂ ಸ್ಪೀಡ್ ಮದ್ದಲ್ಲ. ಗೆಳೆಯರ ಪಾರ್ಟಿಗೆ ಸೇರಲಾಗದಿರುವುದು ನ್ಯಾಟ್ ತೊಂದರೆ. ಸಂಜೆಯ ಲ್ಯಾಗ್ ಕಾಯುವಿಕೆಯ ತೊಂದರೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ತಾನಾಗಿ ಸರಿಹೋಗುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡು ಸಿಕ್ಕ ಸೆಟ್ಟಿಂಗನ್ನೆಲ್ಲ ಬದಲಾಯಿಸುತ್ತಾ ಹೋಗುವವರೇ ಜಾಸ್ತಿ. ಕೊನೆಗೆ ಯಾವುದರಿಂದ ಏನಾಯಿತು ಅಂತ ಅವರಿಗೇ ತಿಳಿಯುವುದಿಲ್ಲ.

ಮೊದಲು ಸ್ಪೀಡಿನ ಮಾತು ಮುಗಿಸಿಬಿಡೋಣ. ಆಟ ಆಡುವಾಗ ಕನ್ಸೋಲ್ ಸರ್ವರ್‌ಗೆ ಕಳಿಸುವುದು ಚಿತ್ರವನ್ನಲ್ಲ. ನೀವು ಎಲ್ಲಿದ್ದೀರಿ, ಯಾವ ಬಟನ್ ಒತ್ತಿದಿರಿ ಅನ್ನುವ ಚಿಕ್ಕ ಚಿಕ್ಕ ಸಂದೇಶಗಳನ್ನು. ಒಂದು ಪ್ಯಾಕೆಟ್ 200 ಬೈಟ್, ಸೆಕೆಂಡಿಗೆ ಅಂಥವು 60 ಅಂತ ಲೆಕ್ಕ ಹಾಕಿ. ಸುಮಾರು 96 ಕಿಲೋಬಿಟ್ ಆಯಿತು, ಅಂದರೆ 1 ಎಂಬಿಪಿಎಸ್‌ನ ಹತ್ತನೇ ಒಂದು ಭಾಗ. ಇದು ಎರಡು ಮೂರು ಪಟ್ಟಾದರೂ ನಿಮ್ಮ 200ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹೊಸ ಆಟ ಡೌನ್‌ಲೋಡ್ ಮಾಡುವಾಗ 500ರ ಪ್ಲಾನ್ ಕೆಲಸಕ್ಕೆ ಬರುತ್ತದೆ, ನಿಜ. ಆಡುವಾಗ ಬೇಕಾಗುವುದು ಬೇರೆ: ಪ್ಯಾಕೆಟ್ ಬೇಗ ಹೋಗಿ ಬರಬೇಕು, ಪ್ರತಿ ಸಲ ಹೆಚ್ಚು ಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳಬೇಕು, ದಾರಿಯಲ್ಲಿ ಕಳೆದುಹೋಗಬಾರದು. ಈ ಮೂರಕ್ಕೆ ಪಿಂಗ್, ಜಿಟರ್, ಪ್ಯಾಕೆಟ್ ಲಾಸ್ ಅನ್ನುತ್ತೇವೆ. ಪಿಂಗ್ 50 ಮಿಲಿಸೆಕೆಂಡ್ ಇದ್ದು ಅಲ್ಲೇ ನಿಂತರೆ ಆರಾಮಾಗಿ ಆಡಬಹುದು. 30 ಇದ್ದದ್ದು ಆಗಾಗ 150ಕ್ಕೆ ಹಾರಿದರೆ ಆಡಲಾಗದು. ಸೆಕೆಂಡಿಗೆ 60 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್‌ಗೆ ಸುಮಾರು 17 ಮಿಲಿಸೆಕೆಂಡ್. 120 ಮಿಲಿಸೆಕೆಂಡಿನ ಒಂದು ಹಾರಿಕೆ ಅಂದರೆ ಏಳು ಫ್ರೇಮ್ ಹೋಯಿತು. ಎದುರಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದ ಹಾಗೆ ಕಾಣುವುದು ಇದರಿಂದಲೇ.

ಈಗ ನ್ಯಾಟ್. ನಿಮ್ಮ ಮನೆಯಲ್ಲಿ ಹತ್ತು ಸಾಧನಗಳಿದ್ದರೂ ಹೊರಗಿನ ಇಂಟರ್ನೆಟ್‌ಗೆ ಕಾಣುವ ವಿಳಾಸ ಒಂದೇ. ದೊಡ್ಡ ಕಟ್ಟಡಕ್ಕೆ ಒಂದೇ ಗೇಟ್, ಅಲ್ಲೊಬ್ಬ ಕಾವಲುಗಾರ ಇದ್ದ ಹಾಗೆ. ರೂಟರ್ ಮಾಡುವ ಈ ಕಾವಲು ಕೆಲಸವೇ ನ್ಯಾಟ್. ಒಳಗಿನವರು ಹೊರಗೆ ಏನಾದರೂ ಕೇಳಿಕೊಂಡರೆ ಅವನು ಬರೆದಿಟ್ಟುಕೊಳ್ಳುತ್ತಾನೆ, ಉತ್ತರ ಬಂದಾಗ ಸರಿಯಾದ ಮನೆಗೆ ತಲುಪಿಸುತ್ತಾನೆ. ಯಾರೂ ಕೇಳದೆ ಹೊರಗಿನಿಂದ ಒಬ್ಬರು ಬಂದು ನಿಂತರೆ ಅವರನ್ನು ಯಾರ ಮನೆಗೆ ಕಳಿಸಬೇಕೋ ಅವನಿಗೆ ಗೊತ್ತಿಲ್ಲ, ವಾಪಸ್ ಕಳಿಸುತ್ತಾನೆ. ಆಟದ ಸರ್ವರ್ ಜೊತೆ ಮಾತಾಡಲು ಇಷ್ಟು ಸಾಕು. ಆದರೆ ಪಾರ್ಟಿ ಚಾಟ್‌ನಲ್ಲೂ ಕೆಲವು ಆಟಗಳಲ್ಲೂ ನಿಮ್ಮ ಕನ್ಸೋಲ್ ಗೆಳೆಯರ ಕನ್ಸೋಲ್ ಜೊತೆ ನೇರವಾಗಿ ಮಾತಾಡಬೇಕಾಗುತ್ತದೆ. ಆಗ ಅವರು ಕೇಳದೆ ಬಂದ ಅತಿಥಿಗಳಾಗುತ್ತಾರೆ. ಎರಡೂ ಕಡೆಯ ಕಾವಲುಗಾರರು ಬಿಗಿಯಾಗಿದ್ದರೆ ಸಂಪರ್ಕ ಆಗುವುದಿಲ್ಲ. ಒಬ್ಬ ಗೆಳೆಯ ಕೇಳಿಸುತ್ತಾನೆ, ಇನ್ನೊಬ್ಬ ಕೇಳಿಸುವುದಿಲ್ಲ ಅಂದಿರಲ್ಲ, ಅದು ಇದರಿಂದ.

ಪ್ಲೇಸ್ಟೇಷನ್‌ನಲ್ಲಿ ಟೈಪ್ 1 ಅಂದರೆ ನಡುವೆ ರೂಟರ್ ಇಲ್ಲದೆ ನೇರ ಸಂಪರ್ಕ. ರೂಟರ್ ಮೂಲಕ ಸರಿಯಾಗಿ ಸಿಗುವುದು ಟೈಪ್ 2. ಕಾವಲುಗಾರ ತೀರಾ ಬಿಗಿಯಾಗಿದ್ದರೆ ನಿಮ್ಮದರ ಹಾಗೆ ಟೈಪ್ 3. ನಿಮಗೆ ಬೇಕಾದದ್ದು ಟೈಪ್ 2 ಅಷ್ಟೇ, 1ರ ಹಿಂದೆ ಹೋಗಬೇಡಿ. ಎಕ್ಸ್‌ಬಾಕ್ಸ್ ಇದನ್ನೇ ಓಪನ್, ಮಾಡರೇಟ್, ಸ್ಟ್ರಿಕ್ಟ್ ಅನ್ನುತ್ತದೆ. ನಿಂಟೆಂಡೊ ಸ್ವಿಚ್ ಅಕ್ಷರಗಳಲ್ಲಿ ತೋರಿಸುತ್ತದೆ. ಅಲ್ಲಿ ಎ ಅಥವಾ ಬಿ ಬಂದರೆ ಸರಿ, ಡಿ ಬಂದರೆ ಕಷ್ಟ.

ನೀವು ಬರೆದ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ಹೊಸ ರೂಟರನ್ನು ಕಂಪನಿಯ ರೂಟರ್‌ಗೆ ಜೋಡಿಸಿದೆ ಅಂದಿರಿ. ಅಲ್ಲೇ ಎಡವಟ್ಟಾಗಿದೆ. ಈಗ ನಿಮ್ಮ ಮನೆಗೆ ಎರಡು ಗೇಟ್, ಇಬ್ಬರು ಕಾವಲುಗಾರರು. ಕನ್ಸೋಲ್ ಒಳಗಿನವನಿಗೆ ಹೇಳುವುದನ್ನೆಲ್ಲ ಹೇಳುತ್ತದೆ, ಹೊರಗಿನವನಿಗೆ ಆ ಸುದ್ದಿಯೇ ಮುಟ್ಟುವುದಿಲ್ಲ. ಇದನ್ನು ಡಬಲ್ ನ್ಯಾಟ್ ಅನ್ನುತ್ತಾರೆ. ಹೀಗಿರುವಾಗ ಹೊಸ ರೂಟರ್‌ನಲ್ಲಿ ಯಾವ ಪೋರ್ಟ್, ಅಂದರೆ ಗೇಟಿನಲ್ಲಿರುವ ಅಂಕಿ ಹಾಕಿದ ಯಾವ ಕಿಂಡಿ, ತೆರೆದರೂ ಉಪಯೋಗವಿಲ್ಲ.

ಖಚಿತ ಮಾಡಿಕೊಳ್ಳುವುದು ಸುಲಭ. ಹೊಸ ರೂಟರ್‌ನ ಅಡ್ಮಿನ್ ಪುಟ ತೆರೆದು ವ್ಯಾನ್ ಐಪಿ ಅಥವಾ ಇಂಟರ್ನೆಟ್ ಐಪಿ ಅಂತ ಇರುವುದನ್ನು ನೋಡಿ, ರೂಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ ಅದು. ಅದು 192.168ರಿಂದಲೋ, 10 ಮತ್ತು ಚುಕ್ಕೆಯಿಂದಲೋ, 172.16ರಿಂದ 172.31ರೊಳಗಿನ ಅಂಕಿಯಿಂದಲೋ ಶುರುವಾದರೆ ಅದು ಖಾಸಗಿ ವಿಳಾಸ. ಅಂದರೆ ಅದರ ಮೇಲೆ ಇನ್ನೊಂದು ರೂಟರ್ ಕೂತಿದೆ. ನಿಮ್ಮಲ್ಲಿ ಹೀಗೇ ಇರುತ್ತದೆ ಅಂತ ನನ್ನ ಅಂದಾಜು.

ಸರಿ ಮಾಡಲು ಎರಡು ದಾರಿ. ಕಂಪನಿಯ ರೂಟರನ್ನು ಬ್ರಿಡ್ಜ್ ಮೋಡ್‌ಗೆ ಹಾಕಬಹುದು. ಆಗ ಅದು ಬರೀ ಮೋಡೆಮ್ ಆಗಿ ಉಳಿಯುತ್ತದೆ, ರೂಟರ್ ಕೆಲಸವೆಲ್ಲ ಹೊಸದರದ್ದು. ಇಲ್ಲವೇ ಹೊಸದನ್ನು ಎಪಿ ಮೋಡ್‌ಗೆ ಹಾಕಬಹುದು. ಆಗ ಅದು ಬರೀ ವೈಫೈ ಹರಡುತ್ತದೆ, ರೂಟರ್ ಕೆಲಸ ಹಳೆಯದರದ್ದೇ. ನಿಮಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಕಾರಣ ಮುಂದೆ ಸಂಜೆಯ ಲ್ಯಾಗ್ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ನಿಮ್ಮ ಲೈನ್‌ಗೆ ಪಿಪಿಪಿಒಇ ಲಾಗಿನ್ (ರೂಟರ್ ಕಂಪನಿಯ ಲೈನ್‌ಗೆ ಸೇರಲು ಬಳಸುವ ಲಾಗಿನ್) ಇದ್ದರೆ ಅದರ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬ್ರಿಡ್ಜ್‌ಗೆ ಹೋದ ಮೇಲೆ ಅದನ್ನು ಹೊಸ ರೂಟರ್‌ನಲ್ಲಿ ತುಂಬಬೇಕು, ಇಲ್ಲದಿದ್ದರೆ ಇಡೀ ಮನೆಗೆ ಇಂಟರ್ನೆಟ್ ಇರುವುದಿಲ್ಲ. ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬಾಕ್ಸ್ ಅದೇ ರೂಟರ್ ಮೂಲಕ ನಡೆಯುತ್ತಿದ್ದರೆ ಕಂಪನಿಯವರನ್ನು ಕೇಳದೆ ಬ್ರಿಡ್ಜ್‌ಗೆ ಕೈ ಹಾಕಬೇಡಿ. ಬ್ರಿಡ್ಜ್ ಮೋಡ್ ಕೊಡುವುದೇ ಇಲ್ಲ ಅಂದರೆ ಹಳೆಯ ರೂಟರ್‌ನ ಡಿಎಂಝಡ್‌ನಲ್ಲಿ ಹೊಸ ರೂಟರ್‌ನ ವಿಳಾಸ ಹಾಕಿ. ಹೊರಗಿನಿಂದ ಬರುವುದೆಲ್ಲ ಆಗ ನೇರ ಹೊಸದರ ಕೈಗೆ ಬರುತ್ತದೆ.

ಒಂದೇ ಗೇಟ್ ಉಳಿದ ಮೇಲೆ ಯುಪಿಎನ್‌ಪಿ ಆನ್ ಮಾಡಿ. ಕನ್ಸೋಲ್ ತನಗೆ ಬೇಕಾದ ಪೋರ್ಟನ್ನು ತಾನೇ ರೂಟರ್ ಬಳಿ ಕೇಳಿ ತೆರೆಸಿಕೊಳ್ಳುವ ವ್ಯವಸ್ಥೆ ಇದು. ಆಮೇಲೆ ರೂಟರನ್ನು ರೀಸ್ಟಾರ್ಟ್ ಮಾಡಿ, ಕನ್ಸೋಲನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ರೆಸ್ಟ್ ಮೋಡ್‌ಗೆ ಹಾಕಿ ಎಬ್ಬಿಸಿದರೆ ಸಾಲದು, ಹಳೆಯ ಸಂಪರ್ಕವನ್ನೇ ಹಿಡಿದುಕೊಂಡಿರಬಹುದು. ಪಿಎಸ್5ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಕನೆಕ್ಷನ್ ಸ್ಟೇಟಸ್‌ಗೆ ಹೋಗಿ ಟೆಸ್ಟ್ ಮಾಡಿದರೆ ನ್ಯಾಟ್ ಟೈಪ್ ಕಾಣುತ್ತದೆ. ಬಹುತೇಕರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಯುಪಿಎನ್‌ಪಿ ಅಪಾಯ ಅಂತ ನೀವು ಓದಿರಬಹುದು. ಆ ಮಾತಿನಲ್ಲಿ ಸತ್ಯ ಇದೆ. ಕನ್ಸೋಲ್ ಕೇಳಿದ ಹಾಗೆಯೇ ಮನೆಯೊಳಗಿನ ಒಂದು ಕಳಪೆ ಕ್ಯಾಮೆರಾ ಅಥವಾ ವೈರಸ್ ಹತ್ತಿದ ಕಂಪ್ಯೂಟರ್ ಕೂಡ ಪೋರ್ಟ್ ತೆರೆಸಿಕೊಳ್ಳಬಹುದು, ರೂಟರ್ ಯಾರು ಏನು ಅಂತ ವಿಚಾರಿಸುವುದಿಲ್ಲ. ಮನೆಯಲ್ಲಿ ಅಂಥ ಸಾಧನಗಳು ಜಾಸ್ತಿ ಇದ್ದರೆ ಅದನ್ನು ಆಫ್ ಇಟ್ಟು ಪೋರ್ಟ್ ಫಾರ್ವರ್ಡಿಂಗ್, ಅಂದರೆ ಬೇಕಾದ ಪೋರ್ಟನ್ನು ಕೈಯಾರೆ ಕನ್ಸೋಲ್‌ಗೆ ತೆರೆದುಕೊಡುವುದೇ, ಒಳ್ಳೆಯದು. ಏನೇ ಮಾಡಿದರೂ ರೂಟರ್‌ನ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಹೊಸದಾಗಿರಲಿ, ಅಡ್ಮಿನ್ ಪಾಸ್‌ವರ್ಡ್ ಬದಲಾಗಿರಲಿ, ಹೊರಗಿನಿಂದ ಅಡ್ಮಿನ್ ಪುಟ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ.

ಪೋರ್ಟ್ ಫಾರ್ವರ್ಡಿಂಗ್‌ಗೆ ಇಳಿದರೆ ಮೊದಲು ಮಾಡಬೇಕಾದದ್ದು ಕನ್ಸೋಲ್‌ಗೆ ಖಾಯಂ ವಿಳಾಸ. ಮನೆಯ ಸಾಧನಗಳಿಗೆ ವಿಳಾಸ ಹಂಚುವ, ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಷನ್ ಅಂತ ಇರುತ್ತದೆ. ಕನ್ಸೋಲ್‌ನ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಹಾಕಿ ಒಂದು ಐಪಿ ಕಟ್ಟಿಹಾಕಿ. ಕೇಬಲ್‌ಗೂ ವೈಫೈಗೂ ಮ್ಯಾಕ್ ವಿಳಾಸ ಬೇರೆ ಬೇರೆ ಅನ್ನುವುದು ನೆನಪಿರಲಿ. ಈ ಹೆಜ್ಜೆ ಬಿಟ್ಟರೆ ಇವತ್ತು ಕೆಲಸ ಮಾಡಿದ್ದು ಮುಂದಿನ ವಾರ ಕನ್ಸೋಲ್‌ನ ಐಪಿ ಬದಲಾದಾಗ ನಿಂತುಹೋಗುತ್ತದೆ. ಆಮೇಲೆ ತೆರೆಯಬೇಕಾದ ಪೋರ್ಟ್‌ಗಳು. ಟಿಸಿಪಿ, ಯುಡಿಪಿ ಅನ್ನುವುದು ಸಂದೇಶ ಕಳಿಸುವ ಎರಡು ರೀತಿ. ಪ್ಲೇಸ್ಟೇಷನ್‌ಗೆ ಟಿಸಿಪಿಯಲ್ಲಿ 3478ರಿಂದ 3480, ಯುಡಿಪಿಯಲ್ಲಿ 3478 ಮತ್ತು 3479. ಎಕ್ಸ್‌ಬಾಕ್ಸ್‌ಗೆ ಮುಖ್ಯವಾದದ್ದು 3074, ಟಿಸಿಪಿ ಯುಡಿಪಿ ಎರಡೂ. ಒಂದೇ ಮನೆಯಲ್ಲಿ ಎರಡು ಎಕ್ಸ್‌ಬಾಕ್ಸ್ ಇದ್ದರೆ ಎರಡೂ ಅದೇ 3074ಕ್ಕೆ ಕಿತ್ತಾಡುತ್ತವೆ. ನೆಟ್‌ವರ್ಕ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಆಲ್ಟರ್ನೇಟ್ ಪೋರ್ಟ್ ಸೆಲೆಕ್ಷನ್ ಇದೆ, ಒಂದಕ್ಕೆ ಬೇರೆ ಪೋರ್ಟ್ ಆರಿಸಿ. ಒಂದೇ ಪೋರ್ಟನ್ನು ಕೈಯಾರೆ ಫಾರ್ವರ್ಡ್ ಮಾಡಿ ಯುಪಿಎನ್‌ಪಿಯನ್ನೂ ಆನ್ ಇಡಬೇಡಿ, ಎರಡೂ ಒಂದಕ್ಕೊಂದು ಅಡ್ಡ ಬರಬಹುದು. ಕನ್ಸೋಲನ್ನೇ ಡಿಎಂಝಡ್‌ಗೆ ಹಾಕಿಬಿಡಿ ಅನ್ನುವ ಸಲಹೆಯೂ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಐಪಿ ಖಾಯಂ ಮಾಡದೆ ಹಾಗೆ ಮಾಡಿದರೆ, ನಾಳೆ ಅದೇ ಐಪಿ ಮನೆಯ ಕಂಪ್ಯೂಟರ್‌ಗೆ ಸಿಕ್ಕಿ ಅದು ಪೂರ್ತಿ ತೆರೆದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಟೈಪ್ 3 ಹೋಗದಿದ್ದರೆ ವ್ಯಾನ್ ಐಪಿಯನ್ನು ಮತ್ತೆ ನೋಡಿ. ಅದು 100.64ರಿಂದ 100.127ರೊಳಗಿನ ವಿಳಾಸವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಹಳೆಯ ಐಪಿವಿ4 ವಿಳಾಸಗಳು ಸಾಲದೆ, ಕಂಪನಿಗಳು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಈ ಅಂಕಿಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಈ ವಿಳಾಸ ಕಾಣದಿದ್ದರೂ, ವ್ಯಾನ್ ಐಪಿಗೂ ನಿಮ್ಮ ಐಪಿ ಏನು ಅಂತ ತೋರಿಸುವ ವೆಬ್‌ಸೈಟ್ ಹೇಳುವುದಕ್ಕೂ ತಾಳೆ ಆಗದಿದ್ದರೆ ಅದೇ ಅನುಮಾನ ಪಡಿ. ಆ ಗೇಟ್ ನಿಮ್ಮ ಮನೆಯದ್ದಲ್ಲ, ಕಂಪನಿಯದ್ದು. ನಿಮ್ಮ ರೂಟರ್‌ನಲ್ಲಿ ಏನು ಮಾಡಿದರೂ ಅದು ತೆರೆಯುವುದಿಲ್ಲ. ನನಗೆ ಇದು ಗೊತ್ತಿಲ್ಲದ ಕಾಲದಲ್ಲಿ ಸಂಬಂಧಿಕರೊಬ್ಬರ ಮನೆಯಲ್ಲಿ ಎರಡು ಸಂಜೆ ಪೂರ್ತಿ ಪೋರ್ಟ್ ತೆರೆಯುತ್ತಾ ಕೂತಿದ್ದೆ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ವ್ಯಾನ್ ಐಪಿ ನೋಡಿ ಅನ್ನುತ್ತೇನೆ. ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಬೇಕು ಅಂತ ಕೇಳಿ. ಬದಲಾಗದೇ ಉಳಿಯುವ ಸ್ಟ್ಯಾಟಿಕ್ ಐಪಿ ಬೇಕಾಗಿಲ್ಲ, ಪಬ್ಲಿಕ್ ಆಗಿದ್ದರೆ ಸಾಕು. ಎಕ್ಸ್‌ಬಾಕ್ಸ್ ಇರುವವರು ಐಪಿವಿ6 (ವಿಳಾಸಗಳ ಕೊರತೆ ಇಲ್ಲದ ಹೊಸ ವ್ಯವಸ್ಥೆ) ಇದೆಯಾ ಅಂತಲೂ ಕೇಳಿ. ಎರಡೂ ಕಡೆ ಅದಿದ್ದರೆ ನ್ಯಾಟ್‌ನ ಗೋಜು ತುಂಬಾ ಕಡಿಮೆಯಾಗುತ್ತದೆ.

ಇನ್ನು ಸಂಜೆಯ ಲ್ಯಾಗ್. ಇದಕ್ಕೆ ಮೂರು ಕಡೆ ಕಾರಣ ಇರಬಹುದು: ನಿಮ್ಮ ವೈಫೈ, ನಿಮ್ಮ ಲೈನ್‌ನ ಬಾಯಿ (ರೂಟರ್‌ನಿಂದ ಲೈನ್ ಹೊರಡುವ ಜಾಗ), ಇಲ್ಲವೇ ಮನೆಯಾಚೆ. ಊಹೆ ಬೇಡ, ಅಳೆಯೋಣ. ಕನ್ಸೋಲ್ ಇರುವ ಜಾಗದಲ್ಲೇ ಲ್ಯಾಪ್‌ಟಾಪ್ ಇಟ್ಟು ಅದೇ ವೈಫೈಯಿಂದ ರೂಟರ್‌ನ ವಿಳಾಸಕ್ಕೆ ಐದು ನಿಮಿಷ ಪಿಂಗ್ ಬಿಡಿ, ಅಂದರೆ ಲ್ಯಾಪ್‌ಟಾಪ್‌ನ ಪಿಂಗ್ ಕಮಾಂಡ್ ಓಡಿಸಿ. ರೂಟರ್ ಇರುವುದು ಪಕ್ಕದಲ್ಲೇ, ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ಇಲ್ಲೇ 40, 90, 150 ಅಂತ ಕುಣಿದರೆ ತಪ್ಪು ವೈಫೈಯದ್ದು. ಇದು ಸರಿ ಇದ್ದರೆ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಬಿಡಿ, ಒಮ್ಮೆ ಮನೆಯಲ್ಲಿ ಯಾರೂ ಇಂಟರ್ನೆಟ್ ಬಳಸದಾಗ, ಇನ್ನೊಮ್ಮೆ ಫೋನಿನಿಂದ ದೊಡ್ಡ ವಿಡಿಯೋ ಒಂದನ್ನು ಅಪ್‌ಲೋಡ್‌ಗೆ ಹಾಕಿ. ಅಪ್‌ಲೋಡ್ ಶುರುವಾದ ಕೂಡಲೇ ಅಂಕಿ ಏರಿದರೆ ತಪ್ಪು ಲೈನ್‌ನ ಬಾಯಲ್ಲಿರುವ ಸರದಿಯದ್ದು. ಯಾರೂ ಏನೂ ಮಾಡದೆ ಇದ್ದರೂ ಸಂಜೆ ಮಾತ್ರ ಏರುತ್ತದೆ ಅಂದರೆ ಅದು ಕಂಪನಿಯ ಕಡೆಯ ದಟ್ಟಣೆ. ಆ ಅಂಕಿಗಳನ್ನು ಸಮಯದ ಸಮೇತ ಬರೆದಿಟ್ಟುಕೊಂಡು ದೂರು ಕೊಡಿ. ಸುಮ್ನೆ ನೆಟ್ ಸ್ಲೋ ಅಂದರೆ ಸ್ಪೀಡ್ ಟೆಸ್ಟ್ ಮಾಡಿ ಎಲ್ಲ ಸರಿ ಇದೆ ಅಂದುಬಿಡುತ್ತಾರೆ.

ವೈಫೈ ತಪ್ಪಾಗಿದ್ದರೆ ಮದ್ದು ಲ್ಯಾನ್ ಕೇಬಲ್. ಇದರಲ್ಲಿ ನಾನು ಹಠಮಾರಿ. ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರು ಮಾತಾಡಬೇಕು, ಉಳಿದವರು ಕಾಯಬೇಕು. ಪಕ್ಕದ ಮನೆಯ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಅವರಿಗೂ ಕಾಯಬೇಕು. ಎರಡು ಗೋಡೆ ದಾಟಿ ಬಂದ ಸಿಗ್ನಲ್‌ನಲ್ಲಿ ಪ್ಯಾಕೆಟ್ ಕೆಟ್ಟರೆ ಮತ್ತೆ ಕಳಿಸಬೇಕು. ಸಿನಿಮಾ ನೋಡುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ, ಮುಂದಿನದು ಮೊದಲೇ ಬಂದು ಕೂತಿರುತ್ತದೆ. ಆಟಕ್ಕೆ ಹಾಗೆ ಮುಂಚೆಯೇ ತಂದಿಡಲು ಆಗುವುದಿಲ್ಲ ಅಲ್ವಾ? ಸಾಧಾರಣ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ಅದಕ್ಕಿಂತ ದುಬಾರಿಯದು ಬೇಡ. ಗೋಡೆಯಂಚಿನಲ್ಲಿ ಒಂದು ಕೇಬಲ್ ಎಳೆಯುವುದು ಅರ್ಧ ದಿನದ ಕೆಲಸ, ಅದು ಮಾಡುವಷ್ಟನ್ನು ಯಾವ ಆಂಟೆನಾವೂ ಮಾಡುವುದಿಲ್ಲ. ನಿಂಟೆಂಡೊ ಸ್ವಿಚ್‌ನ ಮೊದಲ ಮಾದರಿಯ ಡಾಕ್‌ನಲ್ಲಿ ಲ್ಯಾನ್ ಕಿಂಡಿ ಇಲ್ಲ, ಅದಕ್ಕೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬೇಕು. 2021ರ ಓಎಲ್ಇಡಿ ಮಾದರಿಯ ಡಾಕ್‌ನಲ್ಲಿ ಇದೆ.

ಕೇಬಲ್ ಸಾಧ್ಯವೇ ಇಲ್ಲದಿದ್ದರೆ ವೈಫೈಯ 2.4, 5 ಗಿಗಾಹರ್ಟ್ಜ್ ಬ್ಯಾಂಡ್‌ಗಳಲ್ಲಿ 5ನ್ನು ಬಳಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಅಂತ ಮೂರೇ. ಬ್ಲೂಟೂತ್, ಮೈಕ್ರೋವೇವ್ ಓವನ್ ಎರಡೂ ಅಲ್ಲೇ ಗದ್ದಲ ಮಾಡುತ್ತವೆ. ಎರಡೂ ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರು ಕೊಟ್ಟು ಕನ್ಸೋಲನ್ನು 5ಕ್ಕೇ ಕಟ್ಟಿಹಾಕಿ. 5ರಲ್ಲಿ 52ರಿಂದ 144ರ ಚಾನೆಲ್‌ಗಳನ್ನು ರೇಡಾರ್ ಜೊತೆ ಹಂಚಿಕೊಳ್ಳಬೇಕಾಗುತ್ತದೆ. ರೇಡಾರ್ ಕೇಳಿಸಿತು ಅಂದರೆ ರೂಟರ್ ಆಟದ ನಡುವೆಯೇ ಚಾನೆಲ್ ಬಿಟ್ಟು ಓಡಬೇಕು. ಹಾಗಾಗಿ 36ರಿಂದ 48ರೊಳಗೆ ಇರುವುದು ನೆಮ್ಮದಿ. 2013ರ ಮೊದಲ ಪಿಎಸ್4ಗೆ 5 ಗಿಗಾಹರ್ಟ್ಜ್ ಬರುವುದೇ ಇಲ್ಲ, ಅದಿರುವವರಿಗೆ ಕೇಬಲ್ ಬಿಟ್ಟು ಬೇರೆ ಒಳ್ಳೆಯ ದಾರಿ ಇಲ್ಲ.

ಆದರೆ ಬೆಳಿಗ್ಗೆ ಚೆನ್ನಾಗಿದ್ದು ಎಲ್ಲರೂ ಬಂದ ಮೇಲೆ ಕೆಡುತ್ತದೆ ಅಂದಿರಿ. ಹಾಗಾಗಿ ನನಗೆ ಜಾಸ್ತಿ ಅನುಮಾನ ಸರದಿಯ ಮೇಲೆ. ಮನೆಯವರು ಬಾಗಿಲು ದಾಟಿದ ಕೂಡಲೇ ಅವರ ಫೋನ್‌ಗಳು ವೈಫೈ ಹಿಡಿದು ದಿನವಿಡೀ ತೆಗೆದ ಫೋಟೋ, ವಿಡಿಯೋಗಳನ್ನು ಬ್ಯಾಕಪ್‌ಗೆ ಕಳಿಸುತ್ತವೆ. ಅವರಿಗೇ ಅದು ಗೊತ್ತಿರುವುದಿಲ್ಲ. ನಿಮ್ಮ ಅಪ್‌ಲೋಡ್ 20 ಎಂಬಿಪಿಎಸ್. ಫೋನ್ ಅದಕ್ಕಿಂತ ವೇಗವಾಗಿ ರೂಟರ್‌ಗೆ ತುಂಬುತ್ತದೆ. ರೂಟರ್ ಏನು ಮಾಡುತ್ತದೆ? ಬಂದದ್ದನ್ನೆಲ್ಲ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲಿನಲ್ಲಿ 1 ಮೆಗಾಬೈಟ್ ನಿಂತಿದೆ ಅನ್ನಿ. ಅಂದರೆ 8 ಮೆಗಾಬಿಟ್. 20ರ ವೇಗದಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್, 400 ಮಿಲಿಸೆಕೆಂಡ್ ಬೇಕು. ನಿಮ್ಮ ಕನ್ಸೋಲ್‌ನ 200 ಬೈಟ್‌ನ ಪುಟ್ಟ ಪ್ಯಾಕೆಟ್ ಆ ಸಾಲಿನ ತುದಿಯಲ್ಲಿ ನಿಲ್ಲುತ್ತದೆ. ನೀವು ಬಟನ್ ಒತ್ತಿ ಆಗಿದೆ, ಸುದ್ದಿ ಇನ್ನೂ ಮನೆಯನ್ನೇ ಬಿಟ್ಟಿಲ್ಲ.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್ ಈ ಹೆಸರಿಟ್ಟು ಎಲ್ಲರ ಗಮನ ಸೆಳೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನುವ ಪರಿಹಾರ ಕೊಟ್ಟರು. ಸಾಲಿನ ಉದ್ದ ಎಷ್ಟು ಅಂತ ನೋಡದೆ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುವುದು ಅದರ ಉಪಾಯ. ಅದರ ಮೇಲೆ ಕಟ್ಟಿದ ಎಫ್‌ಕ್ಯೂ ಕೋಡೆಲ್, ಕೇಕ್ ಇವೆರಡೂ ಒಬ್ಬೊಬ್ಬರಿಗೆ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡುತ್ತವೆ. ಸ್ವಲ್ಪವೇ ಕಳಿಸುವ ಆಟದ ಪ್ಯಾಕೆಟ್ ಬ್ಯಾಕಪ್‌ನ ಹಿಂದೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಎರಡೂ ಬಿಟ್ಟಿಯಾಗಿ ಸಿಗುತ್ತವೆ, ಆದರೂ ಎಷ್ಟೋ ರೂಟರ್‌ಗಳಲ್ಲಿ ಇಲ್ಲದಿರುವುದು ನನಗೆ ಬೇಸರದ ವಿಷಯ.

ನಿಮ್ಮ ಹೊಸ ರೂಟರ್‌ನಲ್ಲಿ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ, ಸ್ಮಾರ್ಟ್ ಕ್ಯೂ ಅಥವಾ ಅಡಾಪ್ಟಿವ್ ಕ್ಯೂಒಎಸ್ ಅಂತ ಏನಾದರೂ ಇದೆಯಾ ಹುಡುಕಿ. ಕಂಪನಿಯ ರೂಟರನ್ನು ಬ್ರಿಡ್ಜ್‌ಗೆ ಹಾಕಿ ಅಂದದ್ದು ಇದಕ್ಕೇ. ಸಾಲು ನಿಲ್ಲುವ ಜಾಗ ಈ ರೂಟರ್ ಆಗಬೇಕು. ಆನ್ ಮಾಡಿ, ವೇಗವನ್ನು ಕೈಯಾರೆ ತುಂಬಿ. ಪ್ಲಾನ್‌ನಲ್ಲಿ ಬರೆದ ಅಂಕಿ ಬೇಡ, ಕೇಬಲ್ ಹಾಕಿ ಸಂಜೆ ನಾಲ್ಕೈದು ಸಲ ಅಳೆದು ಬಂದದ್ದರ ನೂರಕ್ಕೆ 85ರಿಂದ 90. ನಿಮಗೆ ಅಳೆದಾಗಲೂ 200 ಮತ್ತು 20 ಬಂದರೆ ಡೌನ್‌ಲೋಡ್ 175, ಅಪ್‌ಲೋಡ್ 17 ಇಟ್ಟು ಶುರು ಮಾಡಿ. ಆಮೇಲೆ ಅದೇ ಅಪ್‌ಲೋಡ್ ಪಿಂಗ್ ಪರೀಕ್ಷೆ ಮತ್ತೆ ಮಾಡಿ. ಅಂಕಿ ಹತ್ತು ಹದಿನೈದಕ್ಕಿಂತ ಹೆಚ್ಚು ಏರದಿದ್ದರೆ ಆಯಿತು. ಇನ್ನೂ ಹಾರುತ್ತಿದ್ದರೆ ಅಪ್‌ಲೋಡನ್ನು ಒಂದೊಂದೇ ಇಳಿಸಿ. ಸ್ಪೀಡ್ ಟೆಸ್ಟ್‌ನಲ್ಲಿ ಅಂಕಿ ಕಡಿಮೆ ಕಾಣುತ್ತದೆ. ಹೆದರಬೇಡಿ, ಬೇಕಂತಲೇ ಬಿಟ್ಟುಕೊಟ್ಟದ್ದು ಅದು. ಒಂದು ಮಾತು: ಈ ಕೆಲಸಕ್ಕೆ ರೂಟರ್‌ನ ಪ್ರೊಸೆಸರ್‌ಗೆ ಶಕ್ತಿ ಬೇಕು. ಆನ್ ಮಾಡಿದ ಕೂಡಲೇ 200 ಇದ್ದದ್ದು 60ಕ್ಕೆ ಬಿದ್ದರೆ ಅದಕ್ಕೆ ಶಕ್ತಿ ಸಾಲುತ್ತಿಲ್ಲ. ಆಗ ಡೌನ್‌ಲೋಡ್ ಕಡೆ ಆಫ್ ಮಾಡಿ, ಅಪ್‌ಲೋಡ್‌ಗೆ ಮಾತ್ರ ಉಳಿಸಿಕೊಳ್ಳಿ. ನಿಮ್ಮಂಥ ಲೈನ್‌ನಲ್ಲಿ ನೋವು ಇರುವುದು ಅಲ್ಲೇ. ಗೇಮಿಂಗ್ ರೂಟರ್ ಅನ್ನುವ ಹೆಸರಿಗೆ ಅರ್ಥ ಬರುವುದೂ ಈ ಒಂದು ಸೌಲಭ್ಯದಿಂದ, ಬಣ್ಣದ ದೀಪಗಳಿಂದಲ್ಲ.

ರೂಟರ್‌ನಲ್ಲಿ ಅಂಥದ್ದು ಏನೂ ಇಲ್ಲದಿದ್ದರೆ, ನಿಮ್ಮ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಬೇರೆ ಸಾಫ್ಟ್‌ವೇರ್) ಸಿಗುತ್ತದಾ ನೋಡಿ, ಅದರಲ್ಲಿ ಎಸ್‌ಕ್ಯೂಎಂ ಹಾಕಿಕೊಳ್ಳಬಹುದು. ಅದೂ ಬೇಡ ಅಂದರೆ ಮನೆಯವರ ಫೋನ್ ಬ್ಯಾಕಪ್‌ಗಳನ್ನು ರಾತ್ರಿ ಮಲಗಿದ ಮೇಲೆ ಆಗುವ ಹಾಗೆ ಇಟ್ಟರೂ ಅರ್ಧ ತೊಂದರೆ ಹೋಗುತ್ತದೆ.

ಡಿಎನ್‌ಎಸ್ ಬದಲಾಯಿಸಿದರೆ ಪಿಂಗ್ ಇಳಿಯುತ್ತದೆ ಅನ್ನುವುದನ್ನು ನಂಬಬೇಡಿ. ಸರ್ವರ್‌ನ ವಿಳಾಸ ಹುಡುಕುವುದಷ್ಟೇ ಅದರ ಕೆಲಸ, ಆಟ ಶುರುವಾದ ಮೇಲೆ ಅದಕ್ಕೆ ಪಾತ್ರವೇ ಇಲ್ಲ. ದೂರವನ್ನಂತೂ ಯಾವ ರೂಟರೂ ಕಡಿಮೆ ಮಾಡದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 1,000 ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಬೆಳಕಿಗೇ 10 ಮಿಲಿಸೆಕೆಂಡ್ ಬೇಕು, 6,000ಕ್ಕೆ 60. ಆಟದಲ್ಲಿ ಸರ್ವರ್ ಪ್ರದೇಶ ಆರಿಸಲು ಬಿಟ್ಟರೆ ಹತ್ತಿರದ್ದನ್ನೇ ಆರಿಸಿ. ಇಡೀ ತಂಡ ದೂರದ ಪ್ರದೇಶದಲ್ಲಿ ಆಡುತ್ತಿದ್ದರೆ ಆ ತಡವನ್ನು ಒಪ್ಪಿಕೊಳ್ಳಬೇಕು.

ಮೊದಲು ಡಬಲ್ ನ್ಯಾಟ್ ತೆಗೆಯಿರಿ, ಆಮೇಲೆ ಕೇಬಲ್, ಕೊನೆಗೆ ಎಸ್‌ಕ್ಯೂಎಂ. ಒಂದು ಬದಲಾವಣೆ ಮಾಡಿ ಒಂದು ಸಂಜೆ ಆಡಿ ನೋಡಿದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಶುರು ಮಾಡುವ ಮುನ್ನ ಎರಡೂ ರೂಟರ್‌ಗಳ ಈಗಿನ ಸೆಟ್ಟಿಂಗ್ ಪುಟಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಗಲೂ ಸರಿಹೋಗದಿದ್ದರೆ ಮತ್ತೆ ಬರೆಯಿರಿ. ಆಗ ನನಗೆ ಬೇಕಾಗುವುದು ಮೂರು: ವ್ಯಾನ್ ಐಪಿಯಲ್ಲಿ ಚುಕ್ಕೆಗಳಿಂದ ಬೇರೆಯಾದ ಮೊದಲ ಎರಡು ಸಂಖ್ಯೆಗಳು, ರೂಟರ್‌ಗೆ ಬಿಟ್ಟ ಪಿಂಗ್, ಅಪ್‌ಲೋಡ್ ನಡೆಯುವಾಗ ಹೊರಗೆ ಬಿಟ್ಟ ಪಿಂಗ್.